ಕ್ರಾಚ್ ಹೊಲದ ಐವತ್ತೊಂಬತ್ತನೇ ದಿನ

೨೦೧೪ ಮಾರ್ಚ್ ೩, ಸೋಮವಾರ ಬೆಳಿಗ್ಗೆ ೮.೧೦. ಟೆಕ್ಸಾಸಿನ ಹ್ಯಾಸ್ಲರ್ ಕೌಂಟಿ ಠಾಣೆಗೆ ಕೂಂಬ್ಸ್ ತೈಲ ಕಂಪನಿಯ ದೂರು ಬಂತು. ಕ್ರಾಚ್ ಹೊಲದ ಎಣ್ಣೆಬಾವಿಯ ಪಂಪು ಭಾನುವಾರದವರೆಗೂ ಓಡುತ್ತಿತ್ತು, ಅಂದು ಯಾರೋ ಅದರ ಬೆಲ್ಟು ಕತ್ತರಿಸಿದ್ದಾರೆ, ಅನುಮಾನ ಹೊಲದೊಡತಿಯ ಮೇಲೆ. ಇನ್‌ಸ್ಪೆಕ್ಟರ್ ಲೋಮ್ಯಾಕ್ಸ್ ಎಫ್‌ಐಆರ್ ಬರೆದು ಹೊರಟ.

ಎಪ್ಪತ್ನಾಲ್ಕರ ಆರ್ಲೀನ್ ಕ್ರಾಚ್ ಗೇಟಿನಲ್ಲೇ ಅಡ್ಡ ನಿಂತಿದ್ದಳು.

"ಕತ್ತರಿಸಿದ್ದು ನೀವಾ?"

"ನಂಗೇನು ತಲೆ ಕೆಟ್ಟಿದ್ಯಾ ಮಗಾ? ಜನವರಿ ಎರಡಕ್ಕೇ ಅದು ಕೆಟ್ಟು ನಿಂತಿದೆ. ಅರವತ್ತು ದಿನ ಎಣ್ಣೆ ಬರದಿದ್ರೆ ಕಂಪನಿ ಗುತ್ತಿಗೆ ಮುಗೀತು ಅಂತ ನಮ್ಮಜ್ಜನ ಕರಾರಲ್ಲೇ ಇದೆ. ನಿನ್ನೆಗೆ ಐವತ್ತೊಂಬತ್ತು. ಇನ್ನೊಂದಿನ ಸುಮ್ನೆ ಕೂತಿದ್ರೆ ಸಾಕಿತ್ತು, ನಾನ್ಯಾಕೆ ಕತ್ತರಿಸ್ಲಿ? ಬೇಕಾದ್ರೆ ಕೋಳ ಹಾಕು, ಹೆದರೋಳಲ್ಲ ನಾನು."

ಆದರೆ ಅದೇ ಕರಾರಿನಂತೆ ಒಡತಿಯೇ ಪಂಪು ನಿಲ್ಲಿಸಿದ್ದರೆ ನಿಂತ ದಿನಗಳು ಲೆಕ್ಕಕ್ಕಿಲ್ಲ. ಅವಳಿಗೆ ಜೈಲು, ಕಂಪನಿಗೆ ಗುತ್ತಿಗೆ.

೧೦.೩೦ಕ್ಕೆ ಸ್ಥಳ ಪಂಚನಾಮೆ. ಜಾಗ ತೋರಿಸಿದವನು ಮೂವತ್ತೊಂದು ವರ್ಷದಿಂದ ಆ ಬಾವಿ ನೋಡಿಕೊಂಡ ಕಂಪನಿ ನೌಕರ ಹಾಯ್ಟ್ ಪ್ರೂಯಿಟ್. ಬೆಲ್ಟು ತುಂಡಾಗಿತ್ತು. ಸ್ವಿಚ್ಚು ಆರಿಸಿತ್ತು. ಬ್ರೇಕು ಎಳೆದಿತ್ತು. ಪಂಪಿನ ಭಾರವಾದ ಕಬ್ಬಿಣದ ತೋಳಿಗೆ ಚೈನು ಬಿಗಿದಿತ್ತು. ಲೋಮ್ಯಾಕ್ಸ್ ಅಲ್ಲಿಂದಲೇ ವಿದ್ಯುತ್ ಕಚೇರಿಗೆ ಫೋನ್ ಮಾಡಿದ. ಜನವರಿ ಎರಡರಿಂದ ಮೀಟರು ಓಡಿಯೇ ಇಲ್ಲವೆಂದರು.

"ಈ ಚೈನು ಯಾಕೆ, ಪ್ರೂಯಿಟ್?"

"ತೋಳು ತಿರುಗಿದ್ರೆ ಕೈ ಹೋಗುತ್ತಪ್ಪ. ಬಿಗೀದೆ ಬೆಲ್ಟು ಮುಟ್ಟೋನು ನಮ್ಮ ಕಸುಬಲ್ಲೇ ಇಲ್ಲ."

"ಮಿಸೆಸ್ ಕ್ರಾಚ್‌ಗೆ ಇದೆಲ್ಲ ಗೊತ್ತಾ?"

"ಆ ಮುದುಕಿಗಾ? ಸ್ವಿಚ್ಚು ಎಲ್ಲಿದೆ ಅಂತಾನೂ ಗೊತ್ತಿಲ್ಲ."

ಹೇಳಿದ ಮೇಲೆ ಪ್ರೂಯಿಟ್‌ಗೆ ಅರಿವಾಯಿತು, ಕತ್ತರಿಸಿದ್ದು ಕಸುಬು ಬಲ್ಲವನೇ ಎಂದು ತನ್ನ ಬಾಯಿಂದಲೇ ಬಂದಿತ್ತು. ಹೊಗೆಸೊಪ್ಪು ಉಗಿದು ತಲೆಯೆತ್ತಿದ. "ಹೌದು, ನಾನೇ. ಬರ್ಕೊ."

"ಕಂಪನಿ ಹೇಳ್ತಾ?"

"ಅವ್ರಿಗೇನ್ ಗೊತ್ತು? ಪಂಪು ಓಡ್ತಿದೆ ಅಂತ ದಿನಾ ವರದಿ ಕಳಿಸ್ತಿದ್ದೋನೂ ನಾನೇ. ನಾನೇ ಸರಿ ಮಾಡ್ತೀನಿ ಅಂತ ಮುಚ್ಚಿಟ್ಟೆ, ಆಗ್ಲಿಲ್ಲ, ದಿನ ಮುಗೀತಾ ಬಂತು."

ಮಧ್ಯಾಹ್ನ ೧೨.೧೫ಕ್ಕೆ ಬಂಧನ. ಸುದ್ದಿ ಕೇಳಿ ಆರ್ಲೀನ್ ಠಾಣೆಗೇ ಬಂದಳು.

"ದಿನಾ ನನ್ನ ಗೇಟು ದಾಟೋನು, ನನ್ನನ್ನೇ ಜೈಲಿಗೆ ಕಳಿಸ್ತಿದ್ಯಲ್ಲೋ ಹಾಯ್ಟ್!"

"ಕಳಿಸ್ತಿದ್ದೆ. ಬಿಟ್ರೆ ಮತ್ತೆ ಕತ್ತರಿಸ್ತೀನಿ. ಗುತ್ತಿಗೆ ಹೋದ್ರೆ ಬಾವಿಗೆ ಸಿಮೆಂಟು ಸುರಿದು ಮುಚ್ತಾರೆ. ನಮ್ಮಪ್ಪ ಕೊರೆದ ಬಾವಿಗಳಲ್ಲಿ ಉಳ್ದಿರೋದು ಅದೊಂದೇ."

ಲೋಮ್ಯಾಕ್ಸ್‌ಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಆರ್ಲೀನ್ ಕಣ್ಣು ಮಾತ್ರ ಮೆತ್ತಗಾಗಲಿಲ್ಲ.

"ಮುಚ್ಚಿಸ್ತೀನಿ ಹಾಯ್ಟ್. ನಾನೇ ನಿಂತು ಮುಚ್ಚಿಸ್ತೀನಿ."

ಹೇಳಿಕೆಯ ಕೊನೆಯಲ್ಲಿ ಲೋಮ್ಯಾಕ್ಸ್ ಬರೆದ: ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ. ಕ್ಷಮೆ ಕೇಳಲು ಒಪ್ಪಿಲ್ಲ. ಸಿಮೆಂಟು ಹಾಕುವ ದಿನ ತನಗೆ ಮೊದಲೇ ತಿಳಿಸಬೇಕೆಂದು ಕೋರಿದ್ದಾನೆ.