ಗೋಡೆಯಾಚೆಯ ಎಸ್ತೇರ್ ಆಂಟಿ

“ಮುಟ್ಟಬೇಡ್ವೇ! ಮಡೀಲಿದೀನಿ!”

ಚಾಚಿದ ಕೈಯನ್ನು ಅಂಬುಜಾ ಥಟ್ಟನೆ ಹಿಂದಕ್ಕೆಳೆದುಕೊಂಡಳು. ಪಾಚಿಗೆ ಕಾಲು ಜಾರಿ ಅಜ್ಜಿ ಹಿತ್ತಲಲ್ಲಿ ಬಿದ್ದಿದ್ದರು. ಬಿಂದಿಗೆ ಉರುಳಿ ನೀರೆಲ್ಲ ಚೆಲ್ಲಿತ್ತು. ಅಜ್ಜಿಯ ಪಾದ ನೋಡನೋಡುತ್ತಲೇ ಊದುತ್ತಿತ್ತು.

“ಅಜ್ಜಿ, ಎದ್ದೇಳಕ್ಕಾಗುತ್ತಾ?”

“ಅಯ್ಯೋ, ಆಗ್ತಿಲ್ಲ ಕಣೇ!”

ಅಪ್ಪ ಆಫೀಸಿನಲ್ಲಿದ್ದರು. ಅಮ್ಮ ನಾಮಕರಣಕ್ಕೆಂದು ಕೆಂಗೇರಿಗೆ ಹೋಗಿದ್ದಳು. ಬಸವೇಶ್ವರನಗರದ ಆ ಹೊಸ ಬೀದಿಯಲ್ಲಿ ಇದ್ದದ್ದೇ ನಾಲ್ಕಾರು ಮನೆ. ಹತ್ತಿರದ್ದೆಂದರೆ ಪಕ್ಕದ ಎಸ್ತೇರ್ ಆಂಟಿಯ ಮನೆ.

ಎಸ್ತೇರ್ ಆಂಟಿಯವರು ಕ್ರೈಸ್ತರು. ಅಜ್ಜಿ ಅವರನ್ನು ಎಂದೂ ಗೇಟು ದಾಟಿ ಒಳಗೆ ಕರೆದವರಲ್ಲ. ಆಂಟಿಗೂ ಅದು ಗೊತ್ತಿತ್ತು. ಕ್ರಿಸ್‌ಮಸ್ ದಿನ ಬೇರೆ ಮನೆಗಳಿಗೆಲ್ಲ ಕೇಕ್ ಕೊಟ್ಟು, ಈ ಮನೆಗೆ ಮಾತ್ರ ಕಿತ್ತಳೆ ಹಣ್ಣು ತರುತ್ತಿದ್ದರು. ಗೇಟಿನಲ್ಲೇ ಅಂಬುಜಾಳ ಕೈಗಿಟ್ಟು, “ಹಣ್ಣಾದ್ರೆ ಅಜ್ಜೀನೂ ತಿಂತಾರೆ” ಎಂದು ನಕ್ಕು ಹೋಗುತ್ತಿದ್ದರು.

ಅಂಬುಜಾ ಗೋಡೆಯ ಹತ್ತಿರ ಓಡಿ ಕೂಗಿದಳು, “ಆಂಟೀ! ಅಜ್ಜಿ ಬಿದ್ಬಿಟ್ರು!”

ಆಂಟಿ ಸ್ಟೌ ಆರಿಸಿ ಓಡಿ ಬಂದರು. ಹಿತ್ತಲ ಗೋಡೆ ಸೊಂಟದೆತ್ತರವಿತ್ತು. ಅವರು ಅದನ್ನು ದಾಟಲು ಕಾಲೆತ್ತುವಷ್ಟರಲ್ಲಿ ಅಜ್ಜಿ ಕೂಗಿದರು, “ಬೇಡಮ್ಮ, ನೀನು ಬರಬೇಡ!”

ಆಂಟಿ ಅಲ್ಲೇ ನಿಂತರು.

“ಸರಿ ಅಮ್ಮಾ, ಬರಲ್ಲ. ಅಂಬುಜಾ ನಿಮ್ಮನ್ನ ಮುಟ್ಟಬಹುದಾ?”

ಅಜ್ಜಿ ಗೊಣಗುತ್ತಲೇ ಒಪ್ಪಿದರು. ಆಂಟಿ ಗೋಡೆಯಾಚೆಯಿಂದಲೇ ಒಂದೊಂದಾಗಿ ಹೇಳಿಕೊಟ್ಟರು. ಪಾದವನ್ನು ತಿರುಚಬಾರದು. ಒದ್ದೆ ಬಟ್ಟೆಯನ್ನು ಸಡಿಲವಾಗಿ ಸುತ್ತಬೇಕು. ಅಂಬುಜಾ ಹಾಗೆಯೇ ಮಾಡಿದಳು. ಆದರೆ ಅಜ್ಜಿಯನ್ನು ಎತ್ತುವುದು? ಎಷ್ಟು ಜಗ್ಗಿದರೂ ಆಗಲಿಲ್ಲ. ಬಿಸಿಲು ಏರುತ್ತಿತ್ತು. ಅಂಬುಜಾಗೆ ಅಳು ಬಂತು.

“ಆಂಟಿ, ನೀವ್ಯಾಕೆ ಸುಮ್ನೆ ನಿಂತಿದೀರಾ? ಬಂದು ಎತ್ತಿ!”

“ಅಜ್ಜಿ ಬೇಡ ಅಂದ್ರಲ್ಲ ಪುಟ್ಟಿ. ಅವರ ಮನಸ್ಸು ನೋಯಿಸಿ ಹೆಂಗೆ ಬರ್ಲಿ? ಅಳಬೇಡ, ನಾನೆಲ್ಲೂ ಹೋಗಲ್ಲ.”

ಆಂಟಿ ಸೆರಗನ್ನು ತಲೆಗೆ ಹೊದ್ದುಕೊಂಡು ಕಣ್ಣು ಮುಚ್ಚಿದರು. ತುಟಿ ಮೆಲ್ಲಗೆ ಅಲುಗಿತು. ಅಜ್ಜಿ ಓರೆಗಣ್ಣಿನಿಂದ ನೋಡಿದರು.

“ಏನು, ನಿಮ್ಮ ದೇವರಿಗೆ ಹೇಳ್ತಿದೀಯಾ?”

“ಹೂಂ ಅಮ್ಮಾ. ನಿಮ್ಮ ನೋವು ಕಮ್ಮಿ ಮಾಡಪ್ಪಾ ಅಂತ.”

ಆಂಟಿಯ ಕೆನ್ನೆಯಿಂದ ಬೆವರು ಇಳಿಯುತ್ತಿತ್ತು. ಅವರು ನೆರಳಿಗೆ ಸರಿಯಲಿಲ್ಲ, ಮನೆಗೂ ಹೋಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯೇ ಕೈ ಚಾಚಿದರು. “ಬಾಮ್ಮ, ಹಿಡ್ಕೋ. ಆಮೇಲೆ ಸ್ನಾನ ಮಾಡಿದ್ರಾಯ್ತು.”

“ಇನ್ನೊಂದ್ಸಲ ಜಾರಬೇಡಿ, ಅಷ್ಟೇ!” ಎನ್ನುತ್ತಾ ಆಂಟಿ ಗೋಡೆ ದಾಟಿದರು. ಅಂಬುಜಾಗೆ ಅಳುವಿನ ನಡುವೆಯೇ ನಗು ಬಂತು. ಅಜ್ಜಿಯೂ ನೋವಲ್ಲೇ ನಕ್ಕುಬಿಟ್ಟರು. ಆಂಟಿಯ ಕೊರಳನ್ನು ಗಟ್ಟಿಯಾಗಿ ಅಪ್ಪಿಕೊಂಡೇ ಒಳಗೆ ಹೋದರು.

ಅಜ್ಜಿ ಏಳುವವರೆಗೂ ಆಂಟಿ ದಿನಾ ಸಂಜೆ ಬಂದು ಕಾಲಿಗೆ ಶಾಖ ಕೊಟ್ಟರು. ಬಂದಾಗಲೆಲ್ಲ ಗೇಟಿನ ಹತ್ತಿರ ನಿಂತು, “ಬರಬಹುದಾ ಅಮ್ಮಾ?” ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ತಮ್ಮ ದೇವರ ಸುದ್ದಿಯನ್ನಾಗಲಿ, ಅಂದಿನ ಬಿಸಿಲಿನ ಸುದ್ದಿಯನ್ನಾಗಲಿ ಒಮ್ಮೆಯೂ ಎತ್ತಲಿಲ್ಲ.

ಅಜ್ಜಿ ಕೋಲೂರಿಕೊಂಡು ಓಡಾಡುವ ಹಾಗಾದರು. ಒಂದು ಬೆಳಿಗ್ಗೆ ಹೇರೋಹಳ್ಳಿಯ ಮುನಿತಾಯಮ್ಮ ಮೊಸರು ಮಾರಲು ಬಂದಳು. ಎಂದಿನಂತೆ ಮೆಟ್ಟಿಲ ಕೆಳಗೆ ಬಿಸಿಲಲ್ಲೇ ನಿಂತು ತಲೆಯ ಮೇಲಿನ ಕುಕ್ಕೆ ಇಳಿಸಿದಳು. ಅವಳು ನಿಲ್ಲಬೇಕಾದ ಜಾಗ ಅದೇ ಎಂದು ಅಜ್ಜಿಯೇ ಹಿಂದೆ ಹೇಳಿಟ್ಟಿದ್ದರು.

ಅಜ್ಜಿ ಅವಳ ಧೂಳು ಮೆತ್ತಿದ ಪಾದಗಳನ್ನೇ ನೋಡುತ್ತಿದ್ದರು.

“ಅಷ್ಟು ದೂರದಿಂದ ನಡೆದೇ ಬರ್ತೀಯೇನೇ?”

“ಊಂ ಕಣಮ್ಮೋ. ಇನ್ನೇನ್ ಮಾಡಾನ?”

“ಅಂಬುಜಾ, ಮಣೆ ತಂದು ಹಾಕೇ. ಅವಳು ಕೂತ್ಕೊಂಡು ಸುಧಾರಿಸ್ಕೊಳ್ಳಲಿ.”

ಅಂಬುಜಾ ಬೆರಗಾಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೇರೆಲ್ಲೋ ನೋಡುತ್ತಿದ್ದರು. ಅಂಬುಜಾ ಒಳಗೆ ಓಡಿ ಮಣೆ ತಂದಳು. ಅದನ್ನು ಮೆಟ್ಟಿಲ ಕೆಳಗೆ ಹಾಕಲಿಲ್ಲ. ವರಾಂಡದ ನೆರಳಲ್ಲಿ, ಅಜ್ಜಿಯ ಪಕ್ಕದಲ್ಲೇ ಹಾಕಿದಳು.