ಜರಡಿಗೆ ಬಿದ್ದ ಕಡೆಯ ಮಾತು

ಸೋಮನಕಟ್ಟೆ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ಪುಟ್ಟಸ್ವಾಮಿ ತಾತ ಪ್ರವಾಹದ ಕಥೆ ಹೇಳುತ್ತಿದ್ದರು. ಅವರ ಹಣೆಗೆ ಬೆರಳಗಲದ ಮೆತ್ತನೆಯ ಪಟ್ಟಿಯೊಂದನ್ನು ಕಟ್ಟಲಾಗಿತ್ತು. ಅವರ ಬಾಯಿಂದ ಹೊರಟ ಪ್ರತಿ ಮಾತೂ ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. "ನೀರು ನಮ್ಮ ಜಗುಲಿವರೆಗೂ ಬಂದಿತ್ತು" ಎಂಬುದು ಬಿಳಿಯಾಗಿ ಮೂಡಿತು. "ಆಚೆ ಬೀದೀಲಿ ಎರಡು ಎಮ್ಮೆ ಕೊಚ್ಕೊಂಡು ಹೋದವಂತೆ" ಎಂಬುದು ಹಳದಿಯಾಯಿತು. "ನಾನು ನಡುನೀರಿಗೆ ಹಾರಿ ಪೂಜಾರಪ್ಪನ್ನ ಹೆಗಲ ಮೇಲೆ ಹೊತ್ಕೊಂಡು ಬಂದೆ" ಎಂದಾಗ ಗೋಡೆ ಅಚ್ಚ ನೀಲಿಯಾಗಿ ಹೊಳೆಯಿತು.

"ನೀಲೀ!" ಎಂದು ಮಕ್ಕಳು ಒಂದೇ ಕೊರಳಿನಿಂದ ಕೂಗಿದರು.

ತಾತ ತಿರುಗಿ ಗೋಡೆ ನೋಡಿದರು. "ಅಯ್ಯಯ್ಯೋ, ಹಂಗಾದ್ರೆ ಪೂಜಾರಪ್ಪನ್ನ ಹೊತ್ಕೊಂಡು ಬಂದೋರು ಯಾರ್ರಪ್ಪಾ?" ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ತಾತನೂ ನಕ್ಕರು. ಕಡ್ಡಿಯನ್ನು ಗುಡ್ಡ ಮಾಡಿ ಬದುಕಿದ ಮನುಷ್ಯನಿಗೆ ಒಂದು ಗುಡ್ಡ ಹೋದರೆ ಅಂಥ ನಷ್ಟವೇನೂ ಇರಲಿಲ್ಲ.

ಆ ಪಟ್ಟಿಯ ಹೆಸರು ಸ್ಮೃತಿ ಜರಡಿ. ಮನುಷ್ಯ ಒಂದು ಸಂಗತಿಯನ್ನು ಕಣ್ಣಾರೆ ಕಂಡಾಗ ಆ ನೆನಪಿನ ಜೊತೆಗೆ ಆ ಹೊತ್ತಿನ ವಾಸನೆ, ಸೆಕೆ, ಕಾಲಡಿಯ ನೆಲ ಎಲ್ಲವೂ ಮಿದುಳಿನಲ್ಲಿ ಒಟ್ಟಿಗೆ ಸೇರಿಕೊಂಡಿರುತ್ತವೆ. ಇವುಗಳನ್ನು ಸಹಚರ ಸಂವೇದನೆಗಳು ಎನ್ನುತ್ತಾರೆ. ಇನ್ನೊಬ್ಬರಿಂದ ಕೇಳಿದ ಸಂಗತಿಯಾದರೆ ಅದನ್ನು ಹೇಳಿದವರ ದನಿ ಮಾತ್ರ ಅಂಟಿಕೊಂಡಿರುತ್ತದೆ. ಮನಸ್ಸು ತಾನೇ ಕಟ್ಟಿಕೊಂಡ ನೆನಪಿಗೆ ಈ ಜೊತೆಗಾರರು ಯಾರೂ ಇರುವುದಿಲ್ಲ. ಜರಡಿ ಹುಡುಕುವುದು ಈ ಜೊತೆಗಾರರನ್ನು. ಕಂಡದ್ದು ಬಿಳಿ, ಕೇಳಿದ್ದು ಹಳದಿ, ಕಟ್ಟಿದ್ದು ನೀಲಿ.

ಅದನ್ನು ಸಿದ್ಧಪಡಿಸಿದ ನರವಿಜ್ಞಾನಿ ಡಾ. ರೇಷ್ಮಾ ಕುಡ್ವ ಯಂತ್ರದ ಜೊತೆ ತಾವೇ ಶಾಲೆಗೆ ಬಂದು ಅದರ ಬಳಕೆಯನ್ನು ಕಲಿಸಿಕೊಟ್ಟಿದ್ದರು. ಆವತ್ತು ಚರಿತ್ರೆಯ ಮೇಷ್ಟ್ರಾದ ಸಿಂಚನಾ ಕೇಳಿದ ಮೊದಲ ಪ್ರಶ್ನೆ, "ಅಂದರೆ ಇದು ಸುಳ್ಳು ಹಿಡಿಯುವ ಯಂತ್ರವೇ?"

"ಖಂಡಿತ ಅಲ್ಲ. ಸುಳ್ಳು ಹೇಳುವವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಅಂತ ಗೊತ್ತಿರುತ್ತದೆ. ನೀಲಿ ಬಂದವರಿಗೆ ಅದು ಗೊತ್ತಿರುವುದಿಲ್ಲ. ಅವರ ಪಾಲಿಗೆ ಅದು ನಡೆದದ್ದೇ."

"ಹಾಗಿದ್ದರೆ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ," ಎಂದಿದ್ದಳು ಸಿಂಚನಾ.

ಹಾಗೆಂದದ್ದು ಹುರುಪಿನಿಂದಲ್ಲ, ಸಂಕಟದಿಂದ. ಇಪ್ಪತ್ತು ವರ್ಷದಿಂದ ಅವಳು ಮಕ್ಕಳಿಗೆ ಒಂದೇ ಮಾತು ಹೇಳುತ್ತ ಬಂದಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಿ. ಹೇಳಿದವರು ಯಾರು, ಅವರು ಆಗ ಅಲ್ಲಿದ್ದರೇ, ಹೇಳಿದ್ದು ಯಾವಾಗ ಎಂದು ಕೇಳಿ. ಮಕ್ಕಳು ತಲೆಯಾಡಿಸುತ್ತಿದ್ದರು. ಶಾಲೆಯ ಗೇಟು ದಾಟಿದ ಕೂಡಲೇ ಫೋನಿನಲ್ಲಿ ಬಂದದ್ದನ್ನೆಲ್ಲ ವೇದವಾಕ್ಯವೆಂದು ನಂಬುತ್ತಿದ್ದರು. ಜರಡಿ ಬಂದ ಮೇಲೆ ಅದು ಬದಲಾಯಿತು. ಮಕ್ಕಳು ಎಲ್ಲವನ್ನೂ ಸೋಸತೊಡಗಿದರು. ಪಠ್ಯಪುಸ್ತಕದ ಅಂಚಿನಲ್ಲಿ "ಇದನ್ನು ಬರೆದವರು ನೋಡಿದ್ದರೇ?" ಎಂದು ಬರೆದರು. ಸಿಂಚನಾಗೆ ತನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಮುಂದಿನ ಪಾಠ ಸೋಮನಕಟ್ಟೆಯ ಸಕ್ಕರೆ ಕಾರ್ಖಾನೆಯದು. ಈಗ ಅಲ್ಲಿ ಹುಲ್ಲು ಬೆಳೆದಿದೆ. ಒಂದು ಕಾಲಕ್ಕೆ ಊರೆಲ್ಲ ಅದರ ಹೊಗೆಯಲ್ಲೇ ಉಸಿರಾಡುತ್ತಿತ್ತು. ಸಿಂಚನಾಗೆ ಹದಿಮೂರು ವರ್ಷವಾಗಿದ್ದಾಗ ಅಲ್ಲಿನ ಬಾಯ್ಲರ್ ಸಿಡಿದು ಏಳು ಜನ ಸತ್ತಿದ್ದರು. ಅವರಲ್ಲಿ ಒಬ್ಬ ಅವಳ ಅಪ್ಪ ಸಿದ್ದರಾಜು. ಆ ದಿನವನ್ನು ಕಂಡವರಲ್ಲಿ ಬದುಕುಳಿದವರು ವಿರಳ. ಸಾಕ್ಷಿಯಾಗಿ ಯಾರನ್ನು ಕರೆಯಲಿ ಎಂದು ಅವಳು ಹೆಚ್ಚು ಯೋಚಿಸಲೇ ಇಲ್ಲ. ಮನೆಯಲ್ಲೇ ಅವ್ವ ಇದ್ದಳು. ಎಪ್ಪತ್ತು ದಾಟಿದ ಜಯಶೀಲಮ್ಮ ಊರಿನಲ್ಲಿ ಸುಳ್ಳು ಹೇಳದವಳೆಂದೇ ಹೆಸರಾದವಳು. ಅವ್ವನ ಮಾತು ಮೊದಲಿನಿಂದ ಕೊನೆಯವರೆಗೆ ಹಾಲಿನಂತೆ ಬಿಳಿಯಾಗಿ ಬರುತ್ತದೆ, ಕಣ್ಣಾರೆ ಕಂಡವರ ಸಾಕ್ಷ್ಯ ಹೇಗಿರುತ್ತದೆಂದು ಮಕ್ಕಳು ನೋಡಲಿ ಎಂಬ ಹೆಮ್ಮೆ ಸಿಂಚನಾಳದು. ಊರಿಗೆಲ್ಲ ಪ್ರಮಾಣಿಸಿ ನೋಡೆಂದು ಹೇಳುವವಳು ತನ್ನ ಮನೆಯ ಮಾತನ್ನು ಒಮ್ಮೆಯೂ ಪ್ರಮಾಣಿಸಿರಲಿಲ್ಲ. ದೀಪದ ಬುಡ ಯಾವಾಗಲೂ ಕತ್ತಲೆಯೇ.

ಜಯಶೀಲಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. ಪಟ್ಟಿ ಕಟ್ಟಿಸಿಕೊಳ್ಳುವಾಗ, "ನಿಧಾನಕ್ಕೆ ಕಟ್ಟವ್ವ, ಕೂದ್ಲು ಸಿಕ್ಕೊಂಡೀತು" ಎಂದಳು. ಆಮೇಲೆ ಹೇಳತೊಡಗಿದಳು.

"ಸದ್ದು ಕೇಳಿದಾಗ ನಾನು ಮುದ್ದೆಗೆ ಹಿಟ್ಟು ತೊಳಸ್ತಾ ಇದ್ದೆ." ಬಿಳಿ. "ಮೂರು ಜನ ಗೇಟ್ ಹತ್ರಾನೇ ಹೋಗ್ಬಿಟ್ಟಿದ್ರಂತೆ." ಹಳದಿ. "ಆಸ್ಪತ್ರೇಲಿ ನಿಮ್ಮ ಮೇಡಂ ಅವ್ರಪ್ಪನ್ನ ಬಾಳೆಲೆ ಮೇಲೆ ಮಲಗ್ಸಿದ್ರು. ಮೈಯೆಲ್ಲ ಬ್ಯಾಂಡೇಜು. ಬಾಯಿಗೆ ಪೈಪ್ ಹಾಕಿದ್ರು. ನಾನು ಪಕ್ಕದಲ್ಲೇ ಕೂತು ರಟ್ಟಿನಲ್ಲಿ ಗಾಳಿ ಬೀಸ್ತಾ ಇದ್ದೆ." ಬಿಳಿ, ಬಿಳಿ, ಬಿಳಿ.

ಜಯಶೀಲಮ್ಮನ ದನಿ ಮೆತ್ತಗಾಯಿತು. "ಬೆಳಗಿನ ಜಾವ ಕಣ್ಬಿಟ್ರು. ನನ್ನ ಕೈ ಹಿಡ್ಕೊಂಡು, 'ಶೀಲಾ, ಮಗೂನ ಓದ್ಸು. ಯಾರು ಏನಂದ್ರೂ ಬಿಡ್ಸಬೇಡ' ಅಂದ್ರು. ಅದೇ ಕಡೇ ಮಾತು."

ಗೋಡೆ ನೀಲಿಯಾಯಿತು.

ಮಕ್ಕಳದು ತಪ್ಪಿಲ್ಲ. ಮೇಡಂ ಕಲಿಸಿದ್ದನ್ನೇ ಅವರು ಮಾಡಿದರು. "ನೀಲೀ!" ಎಂಬ ಕೂಗು ಎದ್ದಿತು. ಅರ್ಧಕ್ಕೇ ಏನೋ ಎಡವಟ್ಟಾಯಿತೆಂದು ಹೊಳೆದು ಕೆಲವರು ಬಾಯಿ ಮುಚ್ಚಿಕೊಂಡರು. ಅಷ್ಟು ಹೊತ್ತಿಗೆ ಜಯಶೀಲಮ್ಮ ತಿರುಗಿ ಗೋಡೆಯನ್ನು ನೋಡಿಯಾಗಿತ್ತು.

"ಇದ್ಯಾಕವ್ವ ಈ ಬಣ್ಣ? ಹಂಗಂದ್ರೇನು?"

ಸಿಂಚನಾ ಬಿಳಿಯ ಸಾಲುಗಳನ್ನು ನೋಡುತ್ತಿದ್ದಳು. ಬಾಯಿಗೆ ಪೈಪ್ ಹಾಕಿದ್ರು. ಈ ಕಥೆಯನ್ನು ಅವಳು ಎಷ್ಟು ಸಲ ಕೇಳಿರಬಹುದು! ಬಾಯಿಯಲ್ಲಿ ಪೈಪಿದ್ದವನು ಮಾತಾಡಿದ್ದು ಹೇಗೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಈ ಪ್ರಶ್ನೆಗೆ ಯಂತ್ರವೂ ಬೇಕಿರಲಿಲ್ಲ. ಮುಂದೆ ನಲವತ್ತು ಮಕ್ಕಳು ಕೂತಿದ್ದರು. ಅವರೆದುರು ಸುಳ್ಳಾಡಲು ಅವಳಿಗೆ ನಾಲಿಗೆ ಏಳಲಿಲ್ಲ.

"ಅದು... ಮನಸ್ಸು ತಾನೇ ಕಟ್ಕೊಂಡಿದ್ದು ಅಂತ ಅವ್ವಾ."

ಜಯಶೀಲಮ್ಮ ತಾನೇ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. "ಆಯ್ತು ಕಣ್ರಪ್ಪಾ, ಚೆನ್ನಾಗಿ ಓದ್ಕೊಳಿ" ಎಂದು ಮಕ್ಕಳಿಗೆ ಹೇಳಿ ಎದ್ದು ಹೋದಳು.

ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು. ಒಂದು ಸಂಜೆ ತಾನಾಗಿಯೇ, "ದಿನಾ ಮಲಗೋವಾಗ ಅವ್ರು ಅಂದಿದ್ದು ಕಿವೀಲಿ ಕೇಳ್ಸೋದು ಕಣವ್ವ. ಈಗ ಎಷ್ಟು ನೆನೆಸ್ಕೊಂಡ್ರೂ ಬರೇ ಆ ಪೈಪೇ ಕಾಣುತ್ತೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಿಂಚನಾ ಹೇಗೋ ತಡೆದುಕೊಳ್ಳುತ್ತಿದ್ದಳು.

ಅವಳು ಡಾ. ಕುಡ್ವರಿಗೆ ಫೋನ್ ಮಾಡಿದಳು. "ಸೋಸಿದ್ದನ್ನು ಮತ್ತೆ ಬೆರೆಸಲು ಆಗುತ್ತದೆಯೇ ಡಾಕ್ಟ್ರೇ?"

"ಇಲ್ಲ ಸಿಂಚನಾ. ನೆನಪು ಅಂದರೆ ಪೆಟ್ಟಿಗೆಯಲ್ಲಿಟ್ಟ ಒಡವೆ ಅಲ್ಲ. ಪ್ರತಿ ಸಲ ನೆನೆದಾಗಲೂ ಮಿದುಳು ಅದನ್ನು ಹಿಟ್ಟಿನ ಹಾಗೆ ಹೊಸದಾಗಿ ನಾದಿ ಇಡುತ್ತದೆ. ನಾದುವಾಗ ಏನು ಬಿದ್ದರೂ ಸೇರಿಕೊಳ್ಳುತ್ತದೆ. ನಿಮ್ಮ ತಾಯಿ ನೆನೆಯುತ್ತಿದ್ದ ಹೊತ್ತಿಗೇ ಗೋಡೆ ನೋಡಿದರಲ್ಲ, ಆ ನೀಲಿ ಸೇರಿಹೋಯಿತು. ಯಂತ್ರ ನೆನಪನ್ನು ಓದುತ್ತದೆ ಅಂತ ಮಾತ್ರ ನಾವು ಅಂದುಕೊಂಡಿದ್ದೆವು. ಅದು ಬರೆಯುತ್ತದೆ ಕೂಡ ಅನ್ನುವುದು ನಮಗೆ ಹೊಳೆದಿರಲಿಲ್ಲ. ಕ್ಷಮಿಸಿ."

ಸಿಂಚನಾ ಜರಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಏಕೆಂದು ಮಕ್ಕಳು ಕೇಳಲಿಲ್ಲ. ಆದರೆ ಪಾಠ ಮುಗಿದ ಮೇಲೆ ಧೃತಿ ಎಂಬ ಹುಡುಗಿ ಬೆಂಚು ಬಿಟ್ಟು ಏಳದೆ ಕೂತಿದ್ದಳು.

"ಮೇಡಂ, ಒಂದು ಕೇಳ್ಲಾ? ಬೈಯಬಾರ್ದು."

"ಕೇಳು."

"ಆವತ್ತು ನಾವು ನೀಲಿ ಅಂದು ಸುಮ್ನಾಗ್ಬಿಟ್ವಿ. ಅಲ್ಲಿಗೆ ಮುಗೀತು ಅಂದ್ಕೊಂಡ್ವಿ. ಆದ್ರೆ ಅಜ್ಜಿ ಆ ಮಾತನ್ನ ಮೊದಲನೇ ಸಲ ಯಾರ ಮುಂದೆ ಹೇಳಿದ್ರು ಮೇಡಂ? ಆಗ ಅಲ್ಲಿ ಏನ್ ನಡೀತಿತ್ತು?"

ಸಿಂಚನಾ ಕುರ್ಚಿಗೆ ಒರಗಿದಳು. ಮೊದಲನೇ ಸಲ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

ಹನ್ನೊಂದನೇ ದಿನದ ತಿಥಿ. ಅವರ ಕಡೆ ಎಡೆ ಇಡುವ ಮುಂಚೆ ಮನೆಯ ಹಿರಿಯ ಎಲ್ಲರೆದುರು ವಿಧವೆಯನ್ನು ಕೇಳುವ ಪದ್ಧತಿ ಇತ್ತು: "ಹೋದೋನು ಏನಾದ್ರೂ ಹೇಳಿ ಹೋದ್ನಾ?" ಸತ್ತವನು ಏನು ಹೇಳಿದ್ದರೂ ಅದನ್ನು ನಡೆಸಬೇಕು. ಕೆರೆಕೋಡಿಯ ಗದ್ದೆಯನ್ನು ತಂಗಿಗೆ ಕೊಡಬೇಕೆಂದು ಒಬ್ಬ ಹೇಳಿಹೋದನೆಂದು ಮೂವರು ಅಣ್ಣತಮ್ಮಂದಿರು ತುಟಿಪಿಟಕ್ಕೆನ್ನದೆ ಕೊಟ್ಟ ಊರು ಅದು. ಸಿಂಚನಾ ಕಂಬದ ಮರೆಯಲ್ಲಿ ನಿಂತಿದ್ದಳು. ಅವಳನ್ನು ಶಾಲೆ ಬಿಡಿಸಿ ಎರಡು ವರ್ಷ ಕಳೆದ ಮೇಲೆ ಸೋದರಮಾವನಿಗೆ ಕೊಡುವುದೆಂದು ಹಿಂದಿನ ದಿನವೇ ಮಾತಾಗಿತ್ತು. ಮನೆಗೆ ಹಿರಿಯನಾದ ತಾತ, ಅಪ್ಪನ ತಂದೆ, ಕೇಳಿದ. ಅವ್ವ ತಲೆ ತಗ್ಗಿಸಿ ತುಂಬ ಹೊತ್ತು ಕೂತಿದ್ದಳು. ಹೆಂಗಸರು ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಆಮೇಲೆ ಅವ್ವ ತಲೆ ಎತ್ತಿ ಆ ಮಾತು ಹೇಳಿದಳು. ತಾತನ ಮುಖ ಕಪ್ಪಿಟ್ಟಿತು. ಯಾರೂ ಎದುರಾಡಲಿಲ್ಲ. ಸಿಂಚನಾ ಸೋಮವಾರ ಶಾಲೆಗೆ ಹೋದಳು.

ಆ ಅಂಗಳದಲ್ಲಿ ಅವ್ವನಿಗೆ ಮಾತಿನ ಹಕ್ಕಿರಲಿಲ್ಲ, ಸತ್ತ ಗಂಡನಿಗಿತ್ತು. ಅವಳು ಅವನ ಬಾಯಿಂದ ತನ್ನ ಮಾತನ್ನು ಆಡಿಸಿದಳು. ಹೇಳುತ್ತ ಹೇಳುತ್ತ ಅದು ಅವನದೇ ಆಗಿಹೋಯಿತು.

"ಧೃತಿ, ಈ ಪ್ರಶ್ನೆ ನಾನು ಕೇಳಬೇಕಾಗಿತ್ತು ಕಣೇ," ಎಂದು ಹೇಳಿದವಳೇ ಸಿಂಚನಾ ಮನೆಗೆ ಓಡಿದಳು. ಕಿತ್ತುಕೊಂಡದ್ದಕ್ಕಿಂತ ದೊಡ್ಡದನ್ನೇ ಈಗ ಅವ್ವನ ಮಡಿಲಿಗೆ ಹಾಕುತ್ತೇನೆಂದು ದಾರಿಯುದ್ದಕ್ಕೂ ಅಂದುಕೊಂಡಳು.

ಜಯಶೀಲಮ್ಮ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಸಿಂಚನಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ತಿಥಿಯ ದಿನದ್ದನ್ನೆಲ್ಲ ಹೇಳಿದಳು. ತಾತ ಕೇಳಿದ್ದು, ಹೆಂಗಸರು ನೋಡಿದ್ದು, ಅವ್ವ ತಲೆ ಎತ್ತಿದ್ದು ಎಲ್ಲವನ್ನೂ.

"ಅವ್ವಾ, ಆ ಮಾತು ನಿಂದು. ಅಷ್ಟು ಜನರ ಮುಂದೆ ನನ್ನ ಉಳ್ಸಿದ್ದು ಅಪ್ಪ ಅಲ್ಲ, ನೀನು. ನಾನು ಮೇಷ್ಟ್ರಾಗಿದ್ದು ನಿನ್ನಿಂದ."

ಜಯಶೀಲಮ್ಮನ ಕೈ ಸೊಪ್ಪಿನ ಮೇಲೇ ನಿಂತಿತು. ಮಗಳು ಅವಳ ಮುಖದಲ್ಲಿ ಬೆಳಕು ಹುಡುಕಿದಳು.

"ಇರಬೋದು ಕಣವ್ವ. ನಂಗೊತ್ತಿಲ್ಲ," ಎಂದಳು ಜಯಶೀಲಮ್ಮ. "ನಿಮ್ಮ ತಾತನ ಎದುರು ನಿಂತಿದ್ದು, ಹೊಲಿಗೆ ಹಾಕಿ ನಿನ್ನ ಫೀಸು ಕಟ್ಟಿದ್ದು, ಎಲ್ಲಾ ಅವ್ರು ಹೇಳವ್ರಲ್ಲಾ ಅನ್ನೋ ಧೈರ್ಯದ ಮೇಲೆ ಮಾಡ್ದೆ. ಕಷ್ಟ ಅಂತ ಅನ್ನಿಸ್ಲೇ ಇಲ್ಲ. ನಿನ್ನ ಸಾಕೋವಾಗ ನಾವಿಬ್ರು ಇದ್ದೀವಿ ಅಂದ್ಕೊಂಡಿದ್ದೆ."

ಅವಳು ಮಗಳ ಕಡೆ ನೋಡಲಿಲ್ಲ.

"ನಾನೊಬ್ಬಳೇ ಇದ್ನಾ?"

ಸಿಂಚನಾ ಅವ್ವನ ಕೈ ಹಿಡಿದುಕೊಂಡಳು. ಜಯಶೀಲಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.