ನಲವತ್ತನೆಯ ಸಾಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಮ್ಮ ಆಫೀಸಿನಲ್ಲಿ ಯಾರೇ ಕೋಡ್ ಬರೆದರೂ ಇನ್ನೊಬ್ಬರು ಓದಿ ಒಪ್ಪಬೇಕು. ನನ್ನದನ್ನು ಓದುತ್ತಿದ್ದವರು ಪಕ್ಕದ ಕುರ್ಚಿಯ ಹಿರಿಯರು. ಎಲ್ಲರ ಬಾಯಲ್ಲೂ ‘ದೊಡ್ಡಪ್ಪ’. ಅವರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಲಾಗಿನ್ನನ್ನು ಆ ವಾರವೇ ತೆಗೆದುಹಾಕಿದ್ದಾರೆ.

ಆದರೂ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಆ ಖಾಲಿ ಕುರ್ಚಿ ಕಿರ್ ಎನ್ನುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ. ನನ್ನ ಕೋಡಿನ ಪಕ್ಕ ಅವರ ಹೆಸರಿನಲ್ಲೇ ಟಿಪ್ಪಣಿ ಮೂಡುತ್ತದೆ: “ಮಗಾ, ಈ ಖಾನೇಲಿ ಯಾರಾದ್ರೂ ಏನೂ ತುಂಬದೆ ಬಿಟ್ರೆ?” ತಪ್ಪು ಅಲ್ಲೇ ಇರುತ್ತದೆ.

“ಹೆದ್ರಿಕೆ ಆಗಲ್ವೇನ್ರೀ?” ಎಂದಳು ಹೆಂಡತಿ.

“ದಿನಾ ಆರಕ್ಕೇ ಮನೆಗೆ ಬರ್ತಿದೀನಲ್ಲೇ!” ಎಂದೆ. ನಿಜಕ್ಕೂ ಹಾಯಾಗಿದ್ದೇನೆ.

ಯಾವತ್ತೂ ಹೊಗಳದವರು ಇವತ್ತು ಹೊಗಳಿದ್ದಾರೆ: “ನಲವತ್ತನೇ ಸಾಲು ಬಹಳ ಚೆನ್ನಾಗಿದೆ, ಮಗಾ.”

ನಾನು ಬರೆದಿರುವುದು ಮೂವತ್ತೆಂಟೇ ಸಾಲು.